ಕೋಳಿಯ ಅಂಗಾಲಿನ ಬಾವು: ಮನೆಯಲ್ಲಿ ಮಾಡತಕ್ಕ ಉಪಚಾರ

(ಹಾತಕಣಂಗಲೆಯ ಪಾಲಕರ ಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಮ್ಮೇಲನದಲ್ಲಿ ವಿದ್ಯೆ, ಶೀಲ, ಶಿಸ್ತುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ತುಸು ಬದಿಗಿರಿಸಿ ಕೋಳಿಯ ಕಾಲನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ಕೆಲವರಿಗೆ ನಗೆ ಬಂದೀತು. ಆದರೆ ನಮ್ಮ ಸುತ್ತಣ ಹಳ್ಳಿಗಳಲ್ಲಿ ಹಿತ್ತಲಿನ ನಾಲ್ಕಾರು ಜವಾರಿ ಕೋಳಿಗಳೆಂದರೆ ತಾಯಂದಿರ ಸ್ವಂತ ಗಂಟು. ಕಬ್ಬಿನ ಬಿಲ್ಲು ಗಂಡಸರ ಕೈ ಸೇರುವುದು. ತತ್ತಿಯ ದುಡ್ಡು ಮಾತ್ರ ಹೆಂಗಸರ ಕೈಯಲ್ಲಿ ಉಳಿಯುವುದು. ಮಗುವಿನ ವಹಿ, ಪೆನ್ಸಿಲ್ಲು, ಸಹಲಿನ ಹಣ ಅದರಿಂದಲೇ ಹೊರಡುವುದುಂಟು. ಅಂಥ ಕೋಳಿ ಕುಂಟತೊಡಗಿದರೆ ಮೇವಿಗೆ ಓಡಲಾರದು, ಬಡಕಲಾಗುವುದು, ತತ್ತಿ ಕಡಿಮೆ ಮಾಡುವುದು. ಕೊನೆಗೆ ಸಿಕ್ಕ ಬೆಲೆಗೆ ಮಾರಿಹೋಗುವುದು. ಕೋಳಿ ಸಾಕದ ಮನೆತನದವರೂ ಈ ಸಭೆಯಲ್ಲಿದ್ದೀರಿ. ನೋವುಣ್ಣುವ ಮೂಕಪ್ರಾಣಿಯ ವಿಷಯ ತಮಗೂ ಹೊರತಾದುದಲ್ಲವೆಂದು ನಂಬಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಜವಾರಿ ಕೋಳಿಯ ಕಾಲಿಗೆ ನಾಲ್ಕು ಬೆರಳುಗಳು: ಮೂರು ಮುಂದೆ, ಒಂದು ಹಿಂದೆ. ಅವುಗಳ ನಡುವೆ ಅಂಗಾಲಿನ ಮೆತ್ತೆಯಿದೆ. ನಡೆಯುವಾಗ, ಕೆದರುವಾಗ, ಮೇಲಿನಿಂದ ಜಿಗಿಯುವಾಗ ದೇಹದ ಭಾರವೆಲ್ಲ ಈ ಮೆತ್ತೆಯ ಮೇಲೆ ಬೀಳುವುದು. ಅದಕ್ಕೆ ಜಾಲಿಯ ಮುಳ್ಳು ಚುಚ್ಚಿದರೆ, ಕೊಯ್ದ ಕಬ್ಬಿನ ಮೊನೆ ತಗಲಿದರೆ, ಒರಟು ನೆಲ ಉಜ್ಜಿದರೆ, ಇಲ್ಲವೆ ಹಸಿ ಹಿಕ್ಕೆಯಲ್ಲಿ ನಿಂತು ನಿಂತು ಚರ್ಮ ಮೆತ್ತಗಾದರೆ, ಅಲ್ಲಿಂದ ರೋಗಾಣು ಒಳಹೊಗುವುದು. ಮೆತ್ತೆ ಮೊದಲು ಕೆಂಪಾಗಿ ನುಣ್ಣಗಾಗುವುದು; ತರುವಾಯ ಗಂಟು ಕಟ್ಟುವುದು; ಅದರ ನಡುವೆ ಕರಿಯ ಹಕ್ಕಳೆ ಕಾಣಿಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ಬಂಬಲ್‌ಫೂಟ್ ಎಂದು ಹೆಸರು. ನಾವು ಅಂಗಾಲಿನ ಬಾವು ಎಂದರೆ ಸಾಕು.

ಈ ಬಾವಿನಲ್ಲಿ ಹೆಚ್ಚಾಗಿ ಕಂಡುಬರುವ ರೋಗಾಣುವಿನ ಹೆಸರು ಸ್ಟೆಫಿಲೊಕಾಕಸ್. ಮನುಷ್ಯರ ಕುರುಗಳ ಕೀವಿನಲ್ಲಿ ಇದನ್ನು 1880ರಲ್ಲಿ ಗುರುತಿಸಿದವನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಯ ಗೊನೆಯಂತೆ ಕಾಣುವುದರಿಂದ ಅದಕ್ಕೆ ಆ ಗ್ರೀಕ್ ಹೆಸರು ಬಂದಿತು. 1928ರಲ್ಲಿ ಫ್ಲೆಮಿಂಗನು ಪೆನ್ಸಿಲಿನ್ ಕಂಡುಹಿಡಿದದ್ದೂ ಇದೇ ರೋಗಾಣುವನ್ನು ಬೆಳೆಸಿದ ತಟ್ಟೆಯ ಮೇಲೆಯೇ. ಇನ್ನೊಂದು ಸಂಗತಿ ಯೋಚನೆಗೆ ಹಚ್ಚುವಂಥದು. ಸಾಕಣೆಯ ಮಾಂಸದ ಕೋಳಿಗಳಲ್ಲಿ ಹರಡಿರುವ ಈ ಜಾತಿಯ ಬಹುಪಾಲು ರೋಗಾಣುಗಳು ಕೆಲವೇ ದಶಕಗಳ ಹಿಂದೆ ಮನುಷ್ಯನಿಂದಲೇ ಕೋಳಿಗೆ ದಾಟಿದವೆಂದು ಎಡಿನ್‌ಬರೋದ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಕೋಳಿಯಿಂದ ನಮಗೆ ರೋಗ ಬರುವುದೆಂದು ಅಂಜುವ ನಾವು, ನಮ್ಮಿಂದ ಅದಕ್ಕೆ ಬಂದುದನ್ನೂ ನೆನೆಯಬೇಕು.

ಇನ್ನು ಉಪಚಾರ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ: ಮನೆಯಲ್ಲಿ ಬ್ಲೇಡು ಹಿಡಿದು ಬಾವನ್ನು ಕೊಯ್ಯಬಾರದು, ಹಿಂಡಲೂ ಬಾರದು. ಮನುಷ್ಯನ ಕೀವು ನೀರಾಗಿರುವುದರಿಂದ ಒತ್ತಿದರೆ ಹೊರಬರುವುದು. ಪಕ್ಷಿಗಳ ಕೀವು ಹಾಗಲ್ಲ. ಅದನ್ನು ಕರಗಿಸುವ ಸತ್ವ ಅವುಗಳ ರಕ್ತಕಣಗಳಲ್ಲಿ ಇಲ್ಲದಿರುವುದರಿಂದ ಅದು ಗಿಣ್ಣದಂತೆ ಗಟ್ಟಿಯಾಗಿರುವುದು. ಹಿಂಡಿದರೆ ಹೊರಗೆ ಬರುವುದಕ್ಕೆ ಬದಲಾಗಿ ಒಳಕ್ಕೆ ಸರಿದು ನರ, ಕೀಲು, ಎಲುಬುಗಳನ್ನು ಮುಟ್ಟುವುದು. ಕೊಯ್ದಲ್ಲಿ ರಕ್ತ ಬಹಳ ಹೋಗುವುದು. ಅರಿವಳಿಕೆಯಿಲ್ಲದೆ ಕೊಯ್ಯುವುದು ಕ್ರೌರ್ಯವೂ ಹೌದು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಇಬ್ಬರು ಕೂಡಿ ಮಾಡುವ ಕೆಲಸವಿದು. ಒಬ್ಬರು ಹಳೆಯ ಬಟ್ಟೆಯಲ್ಲಿ ರೆಕ್ಕೆ ಸುತ್ತಿ ಕೋಳಿಯನ್ನು ತೊಡೆಯ ಮೇಲೆ ಹಿಡಿಯಬೇಕು. ಎದೆಯನ್ನು ಬಿಗಿಯಾಗಿ ಒತ್ತಕೂಡದು. ಕೋಳಿಗೆ ನಮ್ಮಂತೆ ವಪೆಯಿಲ್ಲ, ಎದೆಯ ಎಲುಬು ಏರಿಳಿದರೆ ಮಾತ್ರ ಅದು ಉಸಿರಾಡಬಲ್ಲುದು. ಉಪಚಾರ ಮಾಡುವವರು ಕೈಚೀಲ ಧರಿಸಬೇಕು, ಇಲ್ಲವೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಬೇಕು. ಒಂದು ಲೀಟರು ಬೆಚ್ಚಗಿನ ನೀರಿಗೆ ಎರಡು ಚಮಚ ಅಡಿಗೆಯ ಉಪ್ಪು ಬೆರೆಸಿ, ಹತ್ತು-ಹದಿನೈದು ನಿಮಿಷ ಕಾಲನ್ನು ಅದರಲ್ಲಿ ಅದ್ದಿರಬೇಕು. ಮಣ್ಣು, ಹಿಕ್ಕೆ ಕರಗಿ ಹೋದ ಮೇಲೆ ಮುಳ್ಳು ಮೇಲೆಯೇ ಕಂಡರೆ ಚಿಮಟದಿಂದ ತೆಗೆಯಬಹುದು. ಬಳಿಕ ಶುಭ್ರವಾದ ಬಟ್ಟೆಯಿಂದ ಒರೆಸಿ, ಔಷಧದ ಅಂಗಡಿಯಲ್ಲಿ ದೊರೆಯುವ ಪೋವಿಡೋನ್ ಅಯೋಡಿನ್ ಹಚ್ಚಬೇಕು. ಅರಿಷಿಣದ ಪುಡಿ ತುಂಬುವ ವಾಡಿಕೆಯುಂಟು. ಅಡಿಗೆಮನೆಯ ಪುಡಿ ತೆರೆದ ಗಾಯಕ್ಕೆ ಶುದ್ಧವಾದುದಲ್ಲ, ಗಟ್ಟಿಕಟ್ಟಿ ಗಾಯದ ಸ್ಥಿತಿಯನ್ನು ಮರೆಮಾಡುವುದು. ಮೇಲೆ ಗಾಜ್ ಬಟ್ಟೆಯ ಮೆತ್ತೆಯಿಟ್ಟು ಬೆರಳುಗಳ ನಡುವಿನಿಂದ ಪಟ್ಟಿ ಸುತ್ತಬೇಕು. ಸುತ್ತಿದ ಮೇಲೆ ಬೆರಳು ಊದಿಕೊಂಡರೆ ಅಥವಾ ತಣ್ಣಗಾದರೆ ಪಟ್ಟಿ ಬಿಗಿಯಾಯಿತೆಂದು ತಿಳಿದು ಕೂಡಲೆ ಸಡಿಲಿಸಬೇಕು. ದಿನಕ್ಕೊಮ್ಮೆ ಪಟ್ಟಿ ಬದಲಿಸಿ, ಗಾಯ ಮಾಯುವವರೆಗೆ ಕೋಳಿಯನ್ನು ಒಣ ಹಾಸಿಗೆಯ ಬುಟ್ಟಿಯಲ್ಲಿ ಬೇರೆ ಇಡಬೇಕು. ಕೊನೆಯಲ್ಲಿ ಸಾಬೂನಿನಿಂದ ಕೈ ತೊಳೆಯದೆ ಯಾರೂ ಒಲೆಯ ಬಳಿ ಹೋಗತಕ್ಕದ್ದಲ್ಲ. ಚಿಕ್ಕ ಮಕ್ಕಳಿಂದ ಈ ಕೆಲಸ ಮಾಡಿಸಕೂಡದು.

ಈ ಉಪಚಾರ ಆರಂಭದ ಕೆಂಪಿಗೂ ಚಿಕ್ಕ ಗಾಯಕ್ಕೂ ಸಾಕು. ಬಾವು ದೊಡ್ಡದಾಗಿ ಕಾಲು ಬಿಸಿಯಾದರೆ, ಊತ ಮೇಲೇರಿದರೆ, ಕೋಳಿ ಕಾಲೂರದಿದ್ದರೆ, ಅಥವಾ ಒಂದು ವಾರದಲ್ಲಿ ಗುಣ ಕಾಣದಿದ್ದರೆ, ಪಶುವೈದ್ಯರ ಬಳಿಗೇ ಒಯ್ಯಬೇಕು. ಮನೆಯಲ್ಲಿ ಯಾರಿಗೋ ತಂದು ಉಳಿದ ಗುಳಿಗೆಗಳನ್ನು ಅರೆದು ಕುಡಿಸುವುದು ಸರ್ವಥಾ ಸಲ್ಲದು. ಔಷಧದ ಅಂಶ ತತ್ತಿಯಲ್ಲಿ ಇಳಿಯುವುದು. ಅರೆಬರೆ ಪ್ರಮಾಣಕ್ಕೆ ಸಾಯದ ರೋಗಾಣು ಮುಂದೆ ಔಷಧಕ್ಕೇ ಬಗ್ಗದಂತಾಗುವುದು. ಇದೇ ಭೀತಿಯಿಂದ ಭಾರತ ಸರಕಾರವು 2019ರಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು. ವೈದ್ಯರು ಔಷಧ ಕೊಟ್ಟಾಗ, ಎಷ್ಟು ದಿನ ತತ್ತಿ ತಿನ್ನಬಾರದು, ಮಾರಬಾರದು ಎಂಬುದನ್ನು ಮರೆಯದೆ ಕೇಳಿಕೊಳ್ಳಿರಿ.

ಕುಂಟುವ ಕೋಳಿಗಳಿಗೆಲ್ಲ ಈ ಬಾವೇ ಇರುವುದೆಂದಲ್ಲ. ಕಾಲಿನ ಹುರುಪೆಗಳು ಎದ್ದು ಬಿಳಿಯ ಬೂದಿ ಬಳಿದಂತಾಗಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ವ್ಯಾಸಲಿನ್ ದಪ್ಪಗೆ ಹಚ್ಚಿ, ಕೆಲವು ವಾರ ಇದನ್ನೇ ನಡೆಸಬೇಕು. ಸೀಮೆಎಣ್ಣೆ ಹಚ್ಚಿದರೆ ಚರ್ಮ ಸುಡುವುದು. ಗಾಯವೇ ಇಲ್ಲದೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದ ಎಳೆಯ ಕೋಳಿಗೆ ಮಾರೆಕ್ಸ್ ರೋಗದ ಸಂಶಯವುಂಟು. ಅದಕ್ಕೆ ಮನೆಯ ಮದ್ದಿಲ್ಲ. ನೆರೆಯ ಇಚಲಕರಂಜಿಯಂತೆ ಮಗ್ಗಗಳಿರುವ ಊರುಗಳಲ್ಲಿ ಬಿಸಾಡಿದ ನೂಲನ್ನೂ ನೋಡಿಕೊಳ್ಳಬೇಕು. ಅದು ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಉದುರಿಹೋಗುವುದು. ನೂಲು ಕಂಡೊಡನೆ ಚಿಕ್ಕ ಕತ್ತರಿಯಿಂದ ಮೆಲ್ಲಗೆ ಬಿಡಿಸಿರಿ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಗಾಯವಿರುವುದು ಕಾಲಿನಲ್ಲಿ, ಆದರೆ ರೋಗದ ಬೇರು ನಾವು ಕೋಳಿಗೆ ಕೊಟ್ಟ ನೆಲದಲ್ಲಿದೆ. ಕಾಲನ್ನು ತೊಳೆದು ಅದೇ ಕೆಸರಿಗೆ ಬಿಟ್ಟರೆ ಉಪಚಾರ ವ್ಯರ್ಥ. ಗೂಡಿನಲ್ಲಿ ಹೊಟ್ಟು ಇಲ್ಲವೆ ಒಣ ರವದಿಯನ್ನು ಹಾಸಿ, ಹಸಿಯಾದೊಡನೆ ತೆಗೆಯಬೇಕು. ಕೂಡ್ರುವ ಕೋಲು ಎರಡು ಅಂಗುಲ ಅಗಲವಾಗಿ, ಅಂಚು ನುಣ್ಣಗಾಗಿ, ಸಿಬಿರಿಲ್ಲದೆ ಇರಬೇಕು. ಒಂದೂವರೆ ಅಡಿಗಿಂತ ಬಹಳ ಎತ್ತರ ಬೇಡ. ಗಿರಿರಾಜ, ವನರಾಜದಂಥ ಸುಧಾರಿತ ತಳಿಗಳು ಜವಾರಿಗಿಂತ ತೂಕವುಳ್ಳವು. ಅವುಗಳ ಅಂಗಾಲಿಗೆ ಭಾರ ಹೆಚ್ಚು, ಆದುದರಿಂದ ಎಚ್ಚರಿಕೆಯೂ ಹೆಚ್ಚು ಬೇಕು. ಚರ್ಮ ಗಟ್ಟಿಯಾಗಿರಲು ‘ಎ’ ಜೀವಸತ್ವ ಬೇಕು. ಬಿಳಿಯ ಜೋಳದಲ್ಲಿ ಅದು ಸಾಲದು. ನುಗ್ಗೆ, ಪಾಲಕ್ ಮೊದಲಾದ ಸೊಪ್ಪಿನಲ್ಲಿ ಬೇಕಾದಷ್ಟಿದೆ. 2019 ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗೆಯ ನೀರು ಏನು ಮಾಡಬಲ್ಲುದೆಂದು ನಾವೆಲ್ಲ ಕಂಡಿದ್ದೇವೆ. ನೀರು ಇಳಿದ ಮೇಲೆ ಮನೆಯನ್ನು ತೊಳೆಯುವಂತೆ ಕೋಳಿಯ ಗೂಡನ್ನೂ ತೊಳೆದು, ಒಣಗಿಸಿ, ಹಾಸಿಗೆಯನ್ನು ಹೊಸದಾಗಿ ಹಾಕುವುದು ಮನೆಯ ಕೆಲಸಗಳಲ್ಲಿ ಒಂದಾಗಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಭಾಗದಲ್ಲಿ ಔಷಧದ ಪೆಟ್ಟಿಗೆಯ ಮೇಲಿನ ಬರಹ ಕನ್ನಡದಲ್ಲಿರುವುದಿಲ್ಲ. ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಅದನ್ನು ಓದಿ ಅರ್ಥ ಹೇಳುವ ಹೊಣೆ ನಿಮ್ಮದು. ಕಲಿತ ವಿದ್ಯೆ ಮನೆಗೆ ಮುಟ್ಟುವ ಬಗೆಗಳಲ್ಲಿ ಇದೂ ಒಂದು. ವಾರಕ್ಕೊಮ್ಮೆ, ರವಿವಾರ ಮುಂಜಾನೆ ಎನ್ನೋಣ, ಹಿರಿಯರ ಜೊತೆಗೆ ಕುಳಿತು ಪ್ರತಿಯೊಂದು ಕೋಳಿಯ ಎರಡೂ ಅಂಗಾಲುಗಳನ್ನು ನೋಡಿರಿ. ಒಂದು ಕೋಳಿಗೆ ಒಂದು ನಿಮಿಷ ಸಾಕು. ಕೆಂಪಾಗಿರುವಾಗಲೇ ಕಂಡುಕೊಂಡ ರೋಗಕ್ಕೆ ಉಪ್ಪುನೀರು ಸಾಕಾದೀತು. ಕರಿಯ ಹಕ್ಕಳೆ ಕಟ್ಟಿ ಎಲುಬು ಮುಟ್ಟಿದುದಕ್ಕೆ ದೊಡ್ಡ ದವಾಖಾನೆಯೂ ಸಾಲದಾದೀತು.