ಅಶ್ಲೀಲತೆ, ಸರ್ಕಾರದ ಕತ್ತರಿ ಮತ್ತು ನಾವು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



"ಟಿ.ವಿ.ಯಲ್ಲಿ ಮಕ್ಕಳ ಜೊತೆ ಕೂತು ನೋಡುವಂಥದ್ದು ಏನೂ ಉಳಿದಿಲ್ಲ ಸರ್, ಸರ್ಕಾರ ಇದನ್ನೆಲ್ಲ ಬಂದ್ ಮಾಡಿಸಬೇಕು." ಪಾಲಕರ ಸಭೆಯಲ್ಲಿ ಈ ಮಾತು ಬಾರದ ವರ್ಷವಿಲ್ಲ. ಅವರ ಸಂಕಟ ನಿಜವಾದದ್ದು. ಆದರೆ ಬಂದ್ ಮಾಡಿಸುವ ಅಧಿಕಾರ ಸರ್ಕಾರಕ್ಕೆ ಮೊದಲಿನಿಂದಲೂ ಇದೆ. ಅದು ಯಾರ ಮೇಲೆ, ಹೇಗೆ ಬಳಕೆಯಾಗಿದೆ ಎಂಬುದನ್ನು ನಾವು ನೋಡಿಲ್ಲ, ಅಷ್ಟೆ.

ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ. ಅದೇ ವಿಧಿಯ ಎರಡನೇ ಖಂಡ ಸಭ್ಯತೆ, ನೈತಿಕತೆಯಂಥ ಕಾರಣಗಳಿಗಾಗಿ ಸಮಂಜಸವಾದ ನಿರ್ಬಂಧ ಹಾಕಲು ಸರ್ಕಾರಕ್ಕೆ ಅವಕಾಶ ಮಾಡಿದೆ. ಟಿ.ವಿ.ಗೆ ಸಂಬಂಧಿಸಿ 1995ರ ಕೇಬಲ್ ಟೆಲಿವಿಷನ್ ಕಾಯ್ದೆ ಇದೆ, ಅದರ ಕೆಳಗೆ 1994ರ ನಿಯಮಗಳಿವೆ. (ಕಾಯ್ದೆಗಿಂತ ನಿಯಮ ಹಳೆಯದು ಹೇಗೆ ಎಂದು ಮಕ್ಕಳು ಕೇಳಬಹುದು. ಮೊದಲು ಸುಗ್ರೀವಾಜ್ಞೆ ಬಂದಿತ್ತು.) ಆರನೇ ನಿಯಮದ ಪಟ್ಟಿಯಲ್ಲಿ ಮೊದಲನೆಯದು, ಸದಭಿರುಚಿಗೆ ಅಥವಾ ಸಭ್ಯತೆಗೆ ಧಕ್ಕೆ ತರುವ ಕಾರ್ಯಕ್ರಮ ಕೂಡದು ಎಂಬುದು. ಸ್ವಲ್ಪ ಕೆಳಗೆ, ಯಾವುದೇ ಧರ್ಮ ಅಥವಾ ಸಮುದಾಯದ ಮೇಲೆ ದಾಳಿ ಕೂಡದು ಎಂದೂ ಇದೆ. ಎರಡೂ ಒಂದೇ ನಿಯಮದ ಮಾತುಗಳು ಎಂಬುದನ್ನು ನೆನಪಿಡಿ.

ಸದಭಿರುಚಿ ಎಂದರೆ ಯಾರ ಅಭಿರುಚಿ? ಉರ್ದು ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಮಂಟೋ ಅವರ ಮೇಲೆ ವಿಭಜನೆಗೆ ಮೊದಲು ಮೂರು, ಆಮೇಲೆ ಮೂರು ಅಶ್ಲೀಲತೆಯ ಮೊಕದ್ದಮೆಗಳು ನಡೆದವು. ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ಪ್ರಕರಣ ಟಿ.ವಿ.ಯದಲ್ಲ, ಸಿನಿಮಾದ್ದು. ಆದರೂ ಇಂದಿನ ವಿಷಯಕ್ಕೆ ಅದೇ ಹತ್ತಿರ. ಅಬ್ಬಾಸ್ ನಾಲ್ಕು ಮಹಾನಗರಗಳ ಸಿರಿತನವನ್ನೂ ಬಡತನವನ್ನೂ ಎದುರುಬದುರು ಇಟ್ಟು ಒಂದು ಕಿರುಚಿತ್ರ ತೆಗೆದರು. ಅದರಲ್ಲಿ ಮುಂಬೈಯ ವೇಶ್ಯಾವಾಟಿಕೆಯ ಕೆಲವು ದೃಶ್ಯಗಳಿದ್ದವು. ಸೆನ್ಸಾರ್ ಮಂಡಳಿ ವಯಸ್ಕರಿಗೆ ಮಾತ್ರ ಎಂದಿತು. ಆ ದೃಶ್ಯಗಳನ್ನು ತೆಗೆದರೆ ಎಲ್ಲರಿಗೂ ತೋರಿಸಬಹುದು ಎಂದು ಸರ್ಕಾರ ಹೇಳಿತು. ಬಡ ಹೆಣ್ಣುಮಕ್ಕಳ ದುರವಸ್ಥೆ ತೋರಿಸಿದ್ದೇ ಅಶ್ಲೀಲವಾಯಿತು! ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆದಿರುವಾಗಲೇ ಸರ್ಕಾರ ಕತ್ತರಿ ಹಾಕದೆ ಸರ್ಟಿಫಿಕೇಟ್ ಕೊಡಲು ಒಪ್ಪಿತು. ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಅವರು ಬಿಡಲಿಲ್ಲ, ಸೆನ್ಸಾರ್ ಪದ್ಧತಿಯನ್ನೇ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಸೆನ್ಸಾರ್ ಸಂವಿಧಾನಬದ್ಧ ಎಂದೇ ತೀರ್ಪು ಕೊಟ್ಟಿತು. ಆದರೆ ಲೈಂಗಿಕ ವಿಷಯವೆಲ್ಲ ಅಶ್ಲೀಲವಲ್ಲ, ಕಲೆಯನ್ನೂ ಹೊಲಸನ್ನೂ ಬೇರೆ ಮಾಡುವ ಸ್ಪಷ್ಟ ಸೂಚನೆ ನಿಯಮಗಳಲ್ಲಿ ಇರಬೇಕು ಎಂದೂ ಹೇಳಿತು.

ಟಿ.ವಿ.ಯ ಮಾತಿಗೆ ಬರೋಣ. 2007ರ ಜನವರಿಯಲ್ಲಿ ಎಎಕ್ಸ್‌ಎನ್ ವಾಹಿನಿಗೆ, ಸುಮಾರು ಎರಡು ತಿಂಗಳ ನಂತರ ಎಫ್‌ಟಿವಿಗೆ, ಅಸಭ್ಯ ಕಾರ್ಯಕ್ರಮದ ಕಾರಣಕ್ಕೆ ಎರಡೆರಡು ತಿಂಗಳ ನಿಷೇಧ ಬಿತ್ತು. ನಮ್ಮಲ್ಲಿ ಅನೇಕರು ಸಂತೋಷಪಟ್ಟರು.

2020ಕ್ಕೆ ಬನ್ನಿ. ಮುಸ್ಲಿಂ ಹುಡುಗರು ಐ.ಎ.ಎಸ್., ಐ.ಪಿ.ಎಸ್. ಪಾಸಾಗುವುದೇ ಒಂದು ಸಂಚು ಎಂದು ಸುದರ್ಶನ್ ನ್ಯೂಸ್ ಕಾರ್ಯಕ್ರಮ ಸರಣಿ ಮಾಡಿತು. ಮಕ್ಕಳೇ, ನಿಮ್ಮ ಓದೇ ಅಲ್ಲಿ ಅಪರಾಧವಾಗಿತ್ತು. ವಾರ್ತಾ ಇಲಾಖೆ ಪ್ರಸಾರಕ್ಕೆ ಅಡ್ಡಿ ಮಾಡಲಿಲ್ಲ. ಸೆಪ್ಟೆಂಬರ್ 15ರಂದು ತಡೆದದ್ದು ಸುಪ್ರೀಂ ಕೋರ್ಟು. ಆಮೇಲೆ ನವೆಂಬರಿನಲ್ಲಿ ಇಲಾಖೆ, ಕಾರ್ಯಕ್ರಮ ಸದಭಿರುಚಿಯದಲ್ಲ, ಮುಂದೆ ಜಾಗ್ರತೆಯಿಂದಿರಿ ಎಂದು ಎಚ್ಚರಿಕೆ ಕೊಟ್ಟು ಮುಗಿಸಿತು. ಮೈ ತೋರಿಸಿದವರಿಗೆ ಎರಡು ತಿಂಗಳ ಕತ್ತಲೆ, ಸಮುದಾಯದ ಮೇಲೆ ಕೆಸರು ಎರಚಿದವರಿಗೆ ಒಂದು ಪತ್ರ. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡ ಅಶ್ಲೀಲ.

ಹಾಗಾದರೆ ಅಂಥವರನ್ನೂ ಸರ್ಕಾರ ಬಂದ್ ಮಾಡಲಿ ಎನ್ನೋಣವೇ? ಅದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. 2022ರ ಜನವರಿಯಲ್ಲಿ ಮಲಯಾಳದ ಮೀಡಿಯಾ ಒನ್ ವಾಹಿನಿಯ ಪ್ರಸಾರವನ್ನು ಸರ್ಕಾರ ನಿಲ್ಲಿಸಿತು. ದೇಶದ ಭದ್ರತೆ ಎಂದಿತು, ಆದರೆ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟಿತೇ ಹೊರತು ವಾಹಿನಿಯವರಿಗೆ ತಿಳಿಸಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡುವವರೆಗೆ ಅವರು ಅಲೆಯಬೇಕಾಯಿತು. ನಾವು ಕೇಳಿ ಕೊಡಿಸಿದ ದೊಣ್ಣೆ ಯಾರ ಬೆನ್ನಿಗೆ ಬೀಳುತ್ತದೆ ಎಂಬುದನ್ನು ನಿರ್ಧರಿಸುವವರು ನಾವಲ್ಲ. ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳ ನಿಯಂತ್ರಣ ಸರ್ಕಾರದ ಕೈಯಲ್ಲಲ್ಲ, ಸ್ವತಂತ್ರ ಪ್ರಾಧಿಕಾರದ ಕೈಯಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ನಾವು ಕೇಳಬೇಕಾದದ್ದು ಅದನ್ನು.

ಅಲ್ಲಿಯವರೆಗೆ ಸುಮ್ಮನಿರಬೇಕೆಂದಲ್ಲ. ಕೊರೋನಾ ಕಾಲದಲ್ಲಿ ತಬ್ಲೀಗಿ ಜಮಾತ್ ಬಗ್ಗೆ ಕನ್ನಡದ ಸುದ್ದಿ ವಾಹಿನಿಗಳಲ್ಲಿ ಬಂದದ್ದನ್ನು ನೀವೆಲ್ಲ ನೋಡಿದ್ದೀರಿ. ಬೆಂಗಳೂರಿನ ಕೆಲವರು ಬೈದು ಸುಮ್ಮನಾಗದೆ, ಸುದ್ದಿ ವಾಹಿನಿಗಳೇ ಮಾಡಿಕೊಂಡಿರುವ ಪ್ರಾಧಿಕಾರಕ್ಕೆ ದೂರು ಬರೆದರು. 2021ರ ಜೂನ್‌ನಲ್ಲಿ ಒಂದು ಕನ್ನಡ ವಾಹಿನಿಗೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ ದಂಡ ಬಿತ್ತು. ಮೊತ್ತ ಚಿಕ್ಕದು ನಿಜ. ಆದರೆ ತಪ್ಪು ಯಾವುದೆಂದು ಬರವಣಿಗೆಯಲ್ಲಿ ದಾಖಲಾಯಿತು, ಯಾರ ಬಾಯಿಯನ್ನೂ ಹೊಲಿಯಲಿಲ್ಲ.

ಅಂಥ ದೂರಿನಲ್ಲಿ ವಾಹಿನಿಯ ಹೆಸರು, ತಾರೀಖು, ವೇಳೆ, ಆಡಿದ ಮಾತು ಇದ್ದದ್ದು ಇದ್ದಂತೆ, ಮುರಿದ ನಿಯಮ ಯಾವುದು, ಇಷ್ಟಿದ್ದರೆ ಸಾಕು. ಮೊದಲು ವಾಹಿನಿಗೇ ಕಳಿಸಬೇಕು, ತಡಮಾಡಬಾರದು. ಅರ್ಜಿ ಬರೆಯುವುದನ್ನು ನಾವು ಹೈಸ್ಕೂಲಿನಲ್ಲಿ ಕಲಿಸುತ್ತೇವೆ, ಆದರೆ ಹೆಚ್ಚಾಗಿ ರಜಾ ಅರ್ಜಿಯನ್ನೇ. ಈ ವರ್ಷ ನನ್ನ ತರಗತಿಯಲ್ಲಿ ಇಂಥ ದೂರನ್ನೂ ಬರೆಸುವವನಿದ್ದೇನೆ, ಕನ್ನಡದಲ್ಲೂ ಉರ್ದುವಿನಲ್ಲೂ. ಪಾಲಕರು ಬಿಡುವಾದಾಗ ಬಂದು ನೋಡಬಹುದು.