ಹೆತ್ತವರ ಆರೈಕೆ, ಒಡಹುಟ್ಟಿದವರ ಪಾಲು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಆಸ್ತಿಪಾಸ್ತಿಯ ಮಾತೇಕೆಂದು ತಾವು ಕೇಳಬಹುದು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮಗೆ ಊರಿನ ನಂಟು ಉಳಿದಿರುವುದು ಹೆಚ್ಚಾಗಿ ಎರಡರಿಂದ: ಅಲ್ಲಿರುವ ಮುಪ್ಪಿನ ತಾಯಿತಂದೆಗಳು, ಹಿರಿಯರ ಮನೆ ಜಮೀನು. ಇವೆರಡೂ ಒಂದಕ್ಕೊಂದು ತೊಡಕಿಕೊಂಡಾಗಲೇ ಒಡಹುಟ್ಟಿದವರ ನಡುವೆ ಮಾತು ನಿಲ್ಲುವುದು.

ತಂದೆಗೆ ಪಾರ್ಶ್ವವಾಯು ಬಡಿಯಿತು ಎನ್ನೋಣ. ಊರಲ್ಲಿರುವ ತಮ್ಮ ರಾತ್ರಿಯೆಲ್ಲ ಎಚ್ಚರವಿರುತ್ತಾನೆ. ಪಟ್ಟಣದ ಅಣ್ಣ ಹಣ ಕಳಿಸುತ್ತಾನೆ. ಕೊಟ್ಟ ಮನೆಯಿಂದ ಅಕ್ಕ ವಾರವಾರವೂ ಬಂದು ಕೈಲಾದದ್ದು ಮಾಡುತ್ತಾಳೆ. ತಂದೆ ತೀರಿದ ಮೇಲೆ 'ನೋಡಿಕೊಂಡವನು ನಾನು' ಎಂದು ತಮ್ಮ, 'ಖರ್ಚು ಕೊಟ್ಟವನು ನಾನು' ಎಂದು ಅಣ್ಣ. ಅಕ್ಕನಿಗೆ ಮಾತ್ರ ಇಬ್ಬರೂ ಒಂದೇ ಬಾಯಲ್ಲಿ, 'ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕು' ಎನ್ನುತ್ತಾರೆ.

ಕಾನೂನು ಏನೆನ್ನುತ್ತದೆ? ಹಿಂದೂ ಕುಟುಂಬಗಳ ಮಟ್ಟಿಗೆ, 1956ರ ಉತ್ತರಾಧಿಕಾರ ಕಾಯಿದೆಯಂತೆ, ತಂದೆ ಉಯಿಲು ಬರೆಯದೆ ತೀರಿದರೆ ಆತನ ಸ್ವಯಾರ್ಜಿತದಲ್ಲಿ ಹೆಂಡತಿ, ಮಗ, ಮಗಳು, ಬದುಕಿದ್ದರೆ ಆತನ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಪಾಲಾಗಿದ್ದರೆ ಮಾತ್ರ ಮಾತು ಬೇರೆ.

ಹಕ್ಕಿನಂತೆ ಹೊಣೆಯೂ ಮಗ ಮಗಳು ಇಬ್ಬರದು. ಹೆತ್ತವರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆ ಎಲ್ಲ ಮತದವರಿಗೂ ಅನ್ವಯಿಸುತ್ತದೆ. ನ್ಯಾಯಮಂಡಳಿ ಕೊಡಿಸಬಹುದಾದ ಜೀವನಾಂಶಕ್ಕೆ ಅದರಲ್ಲಿ ತಿಂಗಳಿಗೆ 10,000 ರೂಪಾಯಿಯ ಮಿತಿಯಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ನೋಡಿಕೊಳ್ಳದಿದ್ದರೆ, ಹೆತ್ತವರು ರದ್ದುಮಾಡಿಸಬಹುದು.

ಆದರೆ ಆರೈಕೆ ಮಾಡಿದ ಮಾತ್ರಕ್ಕೆ ಪಾಲು ಬೆಳೆಯದು. ಮಾಡದ ಮಾತ್ರಕ್ಕೆ ಕರಗದು. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ ಲೆಕ್ಕಗಳು. ಇದರಿಂದ ಊರಲ್ಲಿ ಉಳಿದವನಿಗೆ ಅನ್ಯಾಯವಾಗುವುದುಂಟು. ಅದನ್ನು ಸರಿಪಡಿಸಬೇಕಾದವರು ನಾವೇ. ಅದೂ ಹೆತ್ತವರು ಬದುಕಿರುವಾಗಲೇ.

ಹೇಗೆಂದರೆ, ಔಷಧಿ, ಆಸ್ಪತ್ರೆ, ಆಳಿನ ಸಂಬಳ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು, ಅವರವರ ಶಕ್ತಿಯಂತೆ ತಿಂಗಳು ತಿಂಗಳು ಹಂಚಿಕೊಳ್ಳೋಣ. ಸಂಪಾದನೆ ಬಿಟ್ಟು ಹಾಸಿಗೆಯ ಬಳಿ ಕುಳಿತವರ ದುಡಿಮೆಗೂ ಅದರಲ್ಲಿ ಬೆಲೆ ಕಟ್ಟೋಣ. ಅಂಥವರಿಗೆ ಹೆಚ್ಚು ಸಲ್ಲಬೇಕೆಂದು ಹೆತ್ತವರಿಗೆ ಅನಿಸಿದರೆ, ಬುದ್ಧಿ ಸ್ಥಿರವಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ತಮ್ಮ ಆಸ್ತಿಗೆ ಉಯಿಲು ಬರೆಯಲಿ, ನಾವು ಮುನಿಯದಿರೋಣ. ಸೂತಕದ ಮನೆಯಲ್ಲಿ ಅಕ್ಕತಂಗಿಯರ ಮುಂದೆ ಕಾಗದ ಹಿಡಿಯುವ ಪದ್ಧತಿಯನ್ನಂತೂ ಬಿಟ್ಟೇಬಿಡೋಣ.

ಮುಂದಿನ ಸಲ ಊರಿಗೆ ಹೊರಟಾಗ ಮಿಠಾಯಿಯ ಪೊಟ್ಟಣದೊಡನೆ ಈ ಮಾತನ್ನೂ ಒಯ್ಯೋಣವೆಂದು ಬಿನ್ನವಿಸಿ ನಮ್ಮ ಭಾಷಣವನ್ನು ಮುಗಿಸುತ್ತೇವೆ.