ಟೀವಿಯೊಳಗೆ ಹಳದಿ ಇಲ್ಲ

ಹಳದಿ ಅಂಗಿ ತೊಟ್ಟ ತಂಡವೊಂದು ಕ್ರಿಕೆಟ್ ಆಡುತ್ತಿದೆ. ಬೌಂಡರಿ ಗೆರೆಯಾಚೆ ಅಭಿಮಾನಿಗಳೂ ಹಳದಿ ಬಾವುಟ ಬೀಸುತ್ತಿದ್ದಾರೆ. ಟೀವಿ ತುಂಬ ಹಳದಿಯೋ ಹಳದಿ. ಆದರೂ ಆ ಪರದೆಯಲ್ಲಿ ಹುಡುಕಿದರೆ ಹಳದಿ ಬೆಳಕಿನ ಒಂದು ಚುಕ್ಕೆಯೂ ಸಿಗುವುದಿಲ್ಲ. ಬಹುತೇಕ ಟೀವಿಗಳಲ್ಲಿ ಇರುವುದು ಮೂರೇ ಬಣ್ಣದ ಚುಕ್ಕೆಗಳು: ಕೆಂಪು, ಹಸಿರು, ನೀಲಿ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ ನೋಡೋಣ. ಟೀವಿಗೆ ನೀರು ತಾಗಿಸುವುದು ಬೇಡ, ಅಮ್ಮನ ಫೋನು ಸಾಕು. ಅದರಲ್ಲಿ ಖಾಲಿ ಬಿಳಿ ಪುಟವೊಂದನ್ನು ತೆರೆಯಿರಿ. ಬೆರಳ ತುದಿಯನ್ನು ನೀರಲ್ಲಿ ಅದ್ದಿ, ಪರದೆಯ ಮೇಲೆ ಆದಷ್ಟು ಚಿಕ್ಕ ಹನಿಯೊಂದನ್ನು ಇಡಿ. ಹನಿಯ ಮೇಲ್ಮೈ ಉಬ್ಬಿರುತ್ತದಲ್ಲ, ಹಾಗಾಗಿ ಅದು ಪುಟ್ಟ ಭೂತಗನ್ನಡಿಯಾಗಿ ಕೆಲಸ ಮಾಡುತ್ತದೆ. ಬಗ್ಗಿ ನೋಡಿದರೆ ಬಿಳಿ ಮಾಯವಾಗಿ ಕೆಂಪು, ಹಸಿರು, ನೀಲಿ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಕೆಲವು ಫೋನುಗಳಲ್ಲಿ ಹಸಿರು ಚುಕ್ಕೆಗಳೇ ಜಾಸ್ತಿ ಇರುತ್ತವೆ, ಅದನ್ನೂ ಗಮನಿಸಿ. ನೋಡಿದ ಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ, ಫೋನು ಕೇಳಿದವರಿಗೆ ಒಣಗಿಸಿಯೇ ವಾಪಸು ಕೊಡಿ.

ಹಾಗಿದ್ದರೆ ಹಳದಿ ಎಲ್ಲಿಂದ ಬಂತು? ನಿಮ್ಮ ತಲೆಯೊಳಗಿನಿಂದ. ನಮ್ಮ ಕಣ್ಣಿನ ಹಿಂಬದಿಯ ಪೊರೆಯಲ್ಲಿ ಬಣ್ಣ ಗುರುತಿಸುವ ಜೀವಕೋಶಗಳು ಮೂರು ಬಗೆ. ನಿಜವಾದ ಹಳದಿ ಬೆಳಕು ಬಿದ್ದಾಗ ಅವುಗಳಲ್ಲಿ ಎರಡು ಬಗೆಯವು ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಕೆಂಪು ಮತ್ತು ಹಸಿರು ಬೆಳಕು ಅಕ್ಕಪಕ್ಕದಲ್ಲಿ ಬಿದ್ದಾಗಲೂ ಅವೇ ಎರಡು ಎಚ್ಚರಗೊಳ್ಳುತ್ತವೆ. ಮಿದುಳಿಗೆ ಎರಡರ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ, ‘ಹಳದಿ’ ಎಂದು ತೀರ್ಮಾನಿಸಿಬಿಡುತ್ತದೆ. ಟೀವಿ ಕಟ್ಟಿರುವುದೇ ಮನುಷ್ಯರ ಕಣ್ಣಿನ ಅಳತೆಗೆ. ಜೇನುನೊಣಕ್ಕೆ ಕೆಂಪು ಕಾಣದು, ನಮಗೆ ಕಾಣದ ನೇರಳಾತೀತ ಕಿರಣ ಅದಕ್ಕೆ ಕಾಣುತ್ತದೆ. ಟೀವಿಯ ಸೂರ್ಯಕಾಂತಿ ಹೂವು ಅದಕ್ಕೆ ತೋಟದ ಹೂವಿನ ಹಾಗೆ ಕಾಣಲಾರದು.

ಮೂರು ಬಣ್ಣದ ಚುಕ್ಕೆ ಸೇರಿದರೆ ಒಂದು ಪಿಕ್ಸೆಲ್. ಅಂಗಡಿಯಲ್ಲಿ ‘ಫುಲ್ ಎಚ್‌ಡಿ’ ಅನ್ನುವ ಟೀವಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್ ಇರುತ್ತವೆ. ಗುಣಿಸಿದರೆ 20,73,600. ‘ಫೋರ್ ಕೆ’ ಅಂದರೆ ಅದರ ನಾಲ್ಕು ಪಟ್ಟು, 82,94,400. ಒಂದೊಂದರಲ್ಲೂ ಮೂರು ಚುಕ್ಕೆ ಎಂದರೆ ಎರಡೂವರೆ ಕೋಟಿಯ ಹತ್ತಿರ. ಪ್ರತಿ ಚುಕ್ಕೆಯನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಲು ಅದರ ಮೂಲೆಯಲ್ಲೇ ಒಂದು ಪುಟ್ಟ ಟ್ರಾನ್ಸಿಸ್ಟರ್ ಕೂತಿರುತ್ತದೆ.

ಇಷ್ಟೊಂದು ಚುಕ್ಕೆ ಬೇಕೇ? ಇಲ್ಲಿ ಅಂಗಡಿಯವರ ಮಾತಿಗಿಂತ ನಿಮ್ಮ ಲೆಕ್ಕದ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. 43 ಇಂಚಿನ ಫುಲ್ ಎಚ್‌ಡಿ ಟೀವಿಯಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು ಅರ್ಧ ಮಿಲಿಮೀಟರ್. ಆರೋಗ್ಯವಾಗಿರುವ ಕಣ್ಣು ಅಷ್ಟು ಚಿಕ್ಕ ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದ್ದು ಸುಮಾರು 1.7 ಮೀಟರ್ ದೂರದವರೆಗೆ, ಅಂದರೆ ಐದೂವರೆ ಅಡಿ. ಅದಕ್ಕಿಂತ ಹಿಂದೆ ಹೋದರೆ ಚುಕ್ಕೆಗಳೆಲ್ಲ ಬೆರೆತು ನುಣ್ಣಗೆ ಕಾಣುತ್ತವೆ. ನಿಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಒಂಬತ್ತು ಅಡಿ ದೂರದಲ್ಲಿದ್ದರೆ, ಅದೇ 43 ಇಂಚಿನಲ್ಲಿ ಫೋರ್ ಕೆ ಕೊಡುವ ಹೆಚ್ಚಿನ ಚುಕ್ಕೆಗಳನ್ನು ಕಣ್ಣು ಎಣಿಸುವುದೇ ಇಲ್ಲ. ಗೋಡೆ ತುಂಬುವ ದೊಡ್ಡ ಟೀವಿ ತರುವವರಿಗೆ ಅಥವಾ ತೀರ ಹತ್ತಿರ ಕೂರುವವರಿಗೆ ಫೋರ್ ಕೆ ಉಪಯೋಗಕ್ಕೆ ಬಂದೀತು. ಈಗೀಗ ದೊಡ್ಡ ಟೀವಿಗಳೆಲ್ಲ ಹೆಚ್ಚುಕಡಿಮೆ ಫೋರ್ ಕೆ ಆಗಿಯೇ ಬರುತ್ತವೆ, ಬಂದರೆ ಬರಲಿ. ಅದೊಂದಕ್ಕೇ ಎಂದು ಜಾಸ್ತಿ ದುಡ್ಡು ಕೇಳಿದರೆ ಮಾತ್ರ ಮೊದಲು ಸೋಫಾದಿಂದ ಗೋಡೆಗೆ ಟೇಪು ಹಿಡಿಯಿರಿ.

ಇಂಚಿನ ವಿಷಯವೂ ಹಾಗೆಯೇ. 43 ಇಂಚು ಅಂದರೆ ಅಗಲವಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಪೈಥಾಗೊರಸ್ ಪ್ರಮೇಯ ಕಲಿತವರು ಈಗ ಪೆನ್ಸಿಲ್ ತೆಗೆಯಬಹುದು. ಪರದೆಯ ಅಗಲ ಮತ್ತು ಎತ್ತರ 16ಕ್ಕೆ 9ರಂತೆ ಇರುತ್ತವೆ. ಹಾಗಾಗಿ 43 ಇಂಚಿನ ಟೀವಿಯ ಅಗಲ ಸುಮಾರು 95 ಸೆಂಟಿಮೀಟರ್, ಎತ್ತರ 53.5 ಸೆಂಟಿಮೀಟರ್. 32 ಇಂಚಿನದು 71 ಮತ್ತು 40. ಹೆಸರಲ್ಲಿ ವ್ಯತ್ಯಾಸ ಬರೀ 11 ಇಂಚು, ಆದರೆ ಪರದೆಯ ಒಟ್ಟು ವಿಸ್ತಾರ 1.8 ಪಟ್ಟು! ಹಳೇ ನ್ಯೂಸ್‌ಪೇಪರನ್ನು ಈ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಚಿಕ್ಕದಾಗಿ ಕಂಡ ಟೀವಿ ನಿಮ್ಮ ಗೋಡೆಯ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಅಜ್ಜಿಗೂ ತಿಳಿಯುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರೋಣ. ಚಪ್ಪಟೆ ಟೀವಿಯ ಮುಖ್ಯ ಕೆಲಸ ಏನು? ಬೆಳಕು ಕೊಡುವುದು ಅನ್ನುತ್ತೀರಿ. ನಾನು ಹೇಳುತ್ತೇನೆ, ಬೆಳಕನ್ನು ತಡೆಯುವುದು.

ಬಹಳಷ್ಟು ಮನೆಗಳಲ್ಲಿರುವುದು ಎಲ್‌ಸಿಡಿ ಬಗೆಯ ಟೀವಿ. ಅದರ ಹಿಂಬದಿಯಲ್ಲಿ ಬಿಳಿ ದೀಪಗಳು ಉರಿಯುತ್ತಿರುತ್ತವೆ, ಪರದೆಯ ಮೇಲೆ ಕಗ್ಗತ್ತಲೆಯ ದೃಶ್ಯವಿದ್ದಾಗಲೂ. ಮುಂದಿರುವ ಪದರಗಳು ಎಲ್ಲಿ ಎಷ್ಟು ಬೇಕೋ ಅಷ್ಟನ್ನು ಮಾತ್ರ ಬಿಟ್ಟು ಮಿಕ್ಕಿದ್ದನ್ನು ತಡೆಯುತ್ತವೆ. ಇಡೀ ಪರದೆ ಬೆಳ್ಳಗಿರುವಾಗಲೂ ಹಿಂದೆ ಹೊರಟ ಬೆಳಕಿನಲ್ಲಿ ನೂರಕ್ಕೆ ಹತ್ತು ಪಾಲು ನಮ್ಮನ್ನು ಮುಟ್ಟಿದರೆ ಹೆಚ್ಚು.

ತಡೆಯುವುದು ಹೇಗೆ? ಬೆಳಕು ಒಂದು ಬಗೆಯ ಅಲೆ, ಅದು ಕಂಪಿಸುತ್ತ ಸಾಗುತ್ತದೆ. ಕಿಟಕಿಯ ಸರಳುಗಳ ನಡುವೆ ಹಗ್ಗ ತೂರಿಸಿ, ಒಂದು ತುದಿ ಹಿಡಿದು ಮೇಲೆ ಕೆಳಗೆ ಕುಲುಕಿ. ಸರಳುಗಳು ನೆಟ್ಟಗೆ ನಿಂತಿದ್ದರೆ ಅಲೆ ಆಚೆಗೆ ದಾಟುತ್ತದೆ. ಅಡ್ಡಕ್ಕೆ ಕುಲುಕಿದರೆ ಸರಳಿಗೆ ಬಡಿದು ನಿಲ್ಲುತ್ತದೆ. ಬೆಳಕಿಗೂ ಇಂಥ ಸರಳುಗಳಿರುವ ತೆಳು ಹಾಳೆ ಉಂಟು, ಅದಕ್ಕೆ ಪೋಲರಾಯ್ಡ್ ಹಾಳೆ ಎನ್ನುತ್ತಾರೆ. ಟೀವಿಯಲ್ಲಿ ಅಂಥವು ಎರಡು. ಒಂದರ ಸರಳು ಅಡ್ಡಕ್ಕಾದರೆ ಇನ್ನೊಂದರದು ಉದ್ದಕ್ಕೆ. ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದರಲ್ಲಿ ಸಿಕ್ಕಿಬೀಳಲೇಬೇಕು.

ಆದರೂ ಅದು ಹೊರಗೆ ಬರುತ್ತದೆ! ಎರಡು ಹಾಳೆಗಳ ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ತೆಳ್ಳಗೆ ದ್ರವ ಸ್ಫಟಿಕ ಎಂಬ ವಸ್ತುವನ್ನು ತುಂಬಿರುತ್ತಾರೆ. ಅದರ ಅಣುಗಳು ಉದ್ದುದ್ದ. ಒಂದು ಬಗೆಯ ಪರದೆಯಲ್ಲಿ ಈ ಅಣುಗಳು ಪದರದಿಂದ ಪದರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗುತ್ತ ಹೋಗಿ, ಕೊನೆಗೆ ಪೂರಾ 90 ಡಿಗ್ರಿ ತಿರುಗಿ ನಿಂತಿರುತ್ತವೆ. ಅವುಗಳ ಜೊತೆಗೆ ಬೆಳಕಿನ ಕಂಪನವೂ ತಿರುಗುತ್ತದೆ, ಎರಡನೆಯ ಹಾಳೆಯನ್ನು ಸಲೀಸಾಗಿ ದಾಟುತ್ತದೆ. ಆ ಚುಕ್ಕೆಗೆ ಸ್ವಲ್ಪ ವಿದ್ಯುತ್ ಕೊಟ್ಟರೆ ಅಣುಗಳು ಸಾಲು ಬಿಟ್ಟು ನೆಟ್ಟಗಾಗುತ್ತವೆ. ಬೆಳಕನ್ನು ತಿರುಗಿಸುವವರು ಇಲ್ಲ, ಚುಕ್ಕೆ ಕಪ್ಪು. ಅರ್ಧಂಬರ್ಧ ಕೊಟ್ಟರೆ ಮಬ್ಬು. ಇದೇ ಕೆಲಸ ಎರಡೂವರೆ ಕೋಟಿ ಚುಕ್ಕೆಗಳಲ್ಲಿ ಸೆಕೆಂಡಿಗೆ 60 ಸಲ ನಡೆಯುತ್ತಿರುತ್ತದೆ, ನೀವು ಚಕ್ಕುಲಿ ಮುರಿಯುತ್ತ ಕೂತಿರುತ್ತೀರಿ.

ಮನೆಯಲ್ಲಿ ಯಾರ ಬಳಿಯಾದರೂ ‘ಪೋಲರೈಸ್ಡ್’ ಎಂದು ಬರೆದ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನು ಹಳೇ ಕ್ಯಾಲ್ಕುಲೇಟರಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಇನ್ನೊಂದರಲ್ಲಿ ಪರದೆಯೇ ಕಪ್ಪಾಗುತ್ತದೆ. ಎಲ್‌ಸಿಡಿ ಟೀವಿಯೂ ಹೀಗೆಯೇ ಕಪ್ಪಾಗುತ್ತದೆ. ಸಾಮಾನ್ಯ ಕಪ್ಪು ಕನ್ನಡಕದಲ್ಲಿ ಇದು ನಡೆಯದು.

ದ್ರವವೂ ಹೌದು, ಸ್ಫಟಿಕವೂ ಹೌದು ಎನ್ನುವ ಈ ವಿಚಿತ್ರ ವಸ್ತು ಮೊದಲು ಕಣ್ಣಿಗೆ ಬಿದ್ದದ್ದು ಟೀವಿ ಮಾಡುವವರಿಗಲ್ಲ, ಒಬ್ಬ ಸಸ್ಯವಿಜ್ಞಾನಿಗೆ. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೆಡ್ರಿಕ್ ರೈನಿಟ್ಜರ್ ಎಂಬವರು ಕ್ಯಾರೆಟ್ಟಿನಲ್ಲಿ ಸಿಗುವ ಕೊಲೆಸ್ಟರಾಲ್ ಬಗೆಯ ವಸ್ತುಗಳನ್ನು ಪರೀಕ್ಷಿಸುತ್ತಿದ್ದರು. ಅವರು ಕಾಯಿಸಿದ ಒಂದು ವಸ್ತು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮೋಡ ಮೋಡವಾದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಥಟ್ಟನೆ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡೆರಡು ಕರಗುವ ಬಿಂದು! ಮಾದರಿಯಲ್ಲಿ ಕಲಬೆರಕೆ ಇದೆ ಎಂದು ಅದನ್ನು ಬಿಸಾಡಬಹುದಿತ್ತು. ಅವರು ಬಿಸಾಡದೆ ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲೆಹ್‌ಮನ್ ಅವರಿಗೆ ಕಳಿಸಿಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದ ಲೆಹ್‌ಮನ್ ಇದು ಹರಿಯುವ ಸ್ಫಟಿಕವೇ ಸರಿ ಎಂದರು. ಮೋಡದ ಹಂತದಲ್ಲಿ ಅಣುಗಳು ನೀರಿನ ಅಣುಗಳಂತೆ ಜಾರಾಡುತ್ತವೆ, ಆದರೆ ಒಂದೇ ದಿಕ್ಕಿಗೆ ಮುಖ ಮಾಡುವ ಶಿಸ್ತನ್ನು ಬಿಟ್ಟಿರುವುದಿಲ್ಲ. ಇದರಿಂದ ಗಡಿಯಾರದ, ಕ್ಯಾಲ್ಕುಲೇಟರಿನ ಪರದೆ ಮಾಡಬಹುದು ಎಂದು ಹೊಳೆಯಲು ಜಗತ್ತಿಗೆ ಇನ್ನೂ ಎಂಬತ್ತು ವರ್ಷ ಬೇಕಾಯಿತು.

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಸರ್ ಸಿ. ವಿ. ರಾಮನ್ ಅವರ ಸೋದರಳಿಯ ಶಿವರಾಮಕೃಷ್ಣ ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. (ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಅವರೂ ಇದೇ ಬಂಧುಬಳಗದವರು!) ಕಡ್ಡಿಯಂಥ ಉದ್ದನೆಯ ಅಣುಗಳು ಮಾತ್ರ ದ್ರವ ಸ್ಫಟಿಕ ಆಗಬಲ್ಲವು ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಸೇರಿ ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ದ್ರವ ಸ್ಫಟಿಕ ಆಗುತ್ತವೆ ಎಂದು ತೋರಿಸಿಕೊಟ್ಟರು.

ಬಿಲ್ಲೆ ಅಣುಗಳಿಂದ ಏನುಪಯೋಗ? ಹಳೆಯ ಎಲ್‌ಸಿಡಿ ಪರದೆಗಳನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು, ಮುಖಗಳು ನೆಗೆಟಿವ್ ಥರ ಕಾಣುತ್ತಿದ್ದವು. ಬೆಳಕು ಓರೆಯಾಗಿ ಹಾಯುವಾಗ ಉದ್ದನೆಯ ಅಣುಗಳು ಅದನ್ನು ಸರಿಯಾದಷ್ಟು ತಿರುಗಿಸುವುದಿಲ್ಲ, ಅದಕ್ಕೇ ಹಾಗೆ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆ ಅಣುಗಳ ತೆಳು ಹಾಳೆ ತಯಾರಿಸಿತು. ಉದ್ದನೆಯ ಅಣುಗಳು ಮಾಡುವ ಎಡವಟ್ಟನ್ನು ಬಿಲ್ಲೆ ಅಣುಗಳು ಸರಿಪಡಿಸುತ್ತವೆ. ಆ ಹಾಳೆ ಕಂಪ್ಯೂಟರ್ ಮಾನಿಟರುಗಳಿಗೆ, ಲ್ಯಾಪ್‌ಟಾಪುಗಳಿಗೆ ಹೋಯಿತು. ಆಮೇಲೆ ಟೀವಿಗಳಲ್ಲಿ ಅಣುಗಳನ್ನು ಬೇರೆ ರೀತಿ ಜೋಡಿಸುವ ವಿಧಾನಗಳು ಬಂದವು. ಆದರೂ ಅಂಗಡಿಗೆ ಹೋದಾಗ ಒಮ್ಮೆ ಪಕ್ಕಕ್ಕೆ ಸರಿದು, ಒಮ್ಮೆ ನೆಲದ ಮೇಲೆ ಕೂತು ನೋಡಿ. ಮನೆಯಲ್ಲಿ ಎಲ್ಲರೂ ನಟ್ಟನಡುವೆ ಕೂರುವುದಿಲ್ಲವಲ್ಲ, ಊಟದ ತಟ್ಟೆ ಹಿಡಿದವರು ಯಾವಾಗಲೂ ಮೂಲೆಯಲ್ಲೇ.

ಅಂಗಡಿಯಲ್ಲಿ ‘ಎಲ್‌ಇಡಿ ಟೀವಿ’ ಎನ್ನುವುದೂ ಎಲ್‌ಸಿಡಿಯೇ. ಹಿಂದಿನ ದೀಪ ಮಾತ್ರ ಎಲ್‌ಇಡಿ, ಮೊದಲು ಅಲ್ಲಿ ಸಣ್ಣ ಟ್ಯೂಬ್‌ಲೈಟುಗಳಿರುತ್ತಿದ್ದವು. ‘ಒಲೆಡ್’ ಮಾತ್ರ ನಿಜವಾಗಿ ಬೇರೆ ಜಾತಿ. ಅದರಲ್ಲಿ ಹಿಂದೆ ದೀಪವಿಲ್ಲ, ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಪೂರ್ತಿ ಆರುತ್ತದೆ. ಎಲ್‌ಸಿಡಿಯ ಕಪ್ಪು ಅಷ್ಟು ಕಪ್ಪಲ್ಲ. ರಾತ್ರಿ ಕೋಣೆಯ ದೀಪ ಆರಿಸಿ ಟೀವಿಯಲ್ಲಿ ಕಪ್ಪು ದೃಶ್ಯ ಬಂದಾಗ ನೋಡಿ, ಬೂದು ಹೊಳಪೊಂದು ಸೋರುತ್ತಿರುತ್ತದೆ. ಒಲೆಡ್ ದುಬಾರಿ. ಅದಲ್ಲದೆ ನ್ಯೂಸ್ ಚಾನೆಲ್ಲಿನ ಲೋಗೋದಂಥ ಕದಲದ ಚಿತ್ರ ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಆ ಜಾಗದ ಚುಕ್ಕೆಗಳು ಬೇಗ ಸವೆದು ಅಚ್ಚು ಉಳಿಯಬಹುದು. ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿಡುವ ತಾತ ಮನೆಯಲ್ಲಿದ್ದರೆ ಎಲ್‌ಸಿಡಿಯೇ ವಾಸಿ ಎಂದು ನನ್ನ ಎಣಿಕೆ.

ಅಂಗಡಿಯಲ್ಲಿ ಎಲ್ಲ ಟೀವಿಗಳೂ ಕಣ್ಣು ಕೋರೈಸುವಂತೆ ಹೊಳೆಯುತ್ತಿರುತ್ತವೆ. ಅಲ್ಲಿನ ಝಗಮಗ ದೀಪಗಳ ನಡುವೆ ಎದ್ದು ಕಾಣಲೆಂದು ಬೆಳಕನ್ನು ತುಂಬ ಏರಿಸಿರುತ್ತಾರೆ. ಮನೆಗೆ ಬಂದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಬ್ರೈಟ್‌ನೆಸ್ ಇಳಿಸಿದರೆ ಕಣ್ಣಿಗೂ ಹಿತ, ಕರೆಂಟೂ ಉಳಿಯುತ್ತದೆ. ಟೀವಿಯ ಹಿಂದೆ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. 80 ವ್ಯಾಟ್ ಇದ್ದು ದಿನಕ್ಕೆ ಐದು ಗಂಟೆ ನೋಡಿದರೆ 400 ವ್ಯಾಟ್-ಗಂಟೆ, ಅಂದರೆ 0.4 ಯೂನಿಟ್. ತಿಂಗಳಿಗೆ 12 ಯೂನಿಟ್. ನಿಮ್ಮ ಟೀವಿಯ ಲೆಕ್ಕವನ್ನು ನೀವೇ ಹಾಕಿ ಕರೆಂಟು ಬಿಲ್ಲಿನ ಪಕ್ಕ ಇಟ್ಟು ನೋಡಿ.

ಟೀವಿಯನ್ನು ಕಿಟಕಿಗೆ ಎದುರಾಗಿ ಇಡಬೇಡಿ, ಕಪ್ಪು ಪರದೆಯಲ್ಲಿ ಕಿಟಕಿಯೇ ಕಾಣುತ್ತಿರುತ್ತದೆ. ಟೇಬಲ್ ಮೇಲಿಟ್ಟರೆ ಪಟ್ಟಿ ಹಾಕಿ ಗೋಡೆಗೆ ಬಿಗಿಸಲು ದೊಡ್ಡವರಿಗೆ ಹೇಳಿ. ಚಪ್ಪಟೆ ಟೀವಿಗೆ ಬುಡ ಕಿರಿದು, ಪುಟ್ಟ ತಮ್ಮನೋ ತಂಗಿಯೋ ಹಿಡಿದು ಎಳೆದರೆ ಮೈಮೇಲೆ ಬೀಳುತ್ತದೆ. ಧೂಳು ತೆಗೆಯಲು ಒಣಗಿದ ಮೆತ್ತನೆ ಬಟ್ಟೆ ಸಾಕು, ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಬೇಡ. ಪರದೆಯ ಮೇಲಿನ ಲೇಪ ಅದರಿಂದ ಹಾಳಾಗುತ್ತದೆ, ಅಂಚಿನಲ್ಲಿ ನೀರು ಒಳಗೂ ಇಳಿಯಬಹುದು.

ಮುಂಗಾರಿಗೆ ಮೊದಲು ಗುಡುಗು ಸಿಡಿಲು ಜೋರಾಗಿರುವ ಊರಿನವರಿಗೆ ಇನ್ನೊಂದು ಮಾತು. ರಿಮೋಟಿನಲ್ಲಿ ಆರಿಸಿದರೆ ಟೀವಿ ಪೂರ್ತಿ ಆರುವುದಿಲ್ಲ. ಸಿಡಿಲಿನ ಏಟು ಕರೆಂಟು ತಂತಿಯಿಂದಲೂ ಬರಬಹುದು, ಮಾಳಿಗೆಯ ಡಿಶ್ಶಿನ ಕೇಬಲ್ಲಿನಿಂದಲೂ ಬರಬಹುದು. ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ಕೇಬಲ್ಲನ್ನೂ ತೆಗೆಯಲು ದೊಡ್ಡವರಿಗೆ ನೆನಪಿಸಿ. ಗುಡುಗು ಕೇಳತೊಡಗಿದ ಮೇಲೆ ಯಾರೂ ಅವುಗಳ ಹತ್ತಿರ ಹೋಗುವುದು ಬೇಡ, ಟೀವಿ ಕೆಟ್ಟರೆ ಕೆಡಲಿ.